ಮಾರ್ಚ್‌ನಲ್ಲಿ ತೆಗೆದ ಟಿಕೆಟ್, ಮೇ ತಿಂಗಳ ಆದಾಯ

ಮುಂಬೈಯ ಕನ್ನಡಿಗರ ಮನೆಗಳಲ್ಲಿ ಮಾರ್ಚ್ ಬಂತೆಂದರೆ ಊರಿನ ಟಿಕೆಟ್‌ನದೇ ಮಾತು. ಮೇಯಲ್ಲಿ ಮದುವೆ, ಗೃಹಪ್ರವೇಶ, ಬ್ರಹ್ಮಕಲಶ. ಸಿಎ ಓದುತ್ತಿರುವ ನನ್ನ ಅಕ್ಕನ ಮಗ ಮಂಗಳೂರಿಗೆ ವಿಮಾನದ ಟಿಕೆಟ್ ತೆಗೆದ. ಮೊಬೈಲ್ ನನ್ನ ಮುಂದೆ ಹಿಡಿದು ಕೇಳಿದ: "ಮಾವ, ಇದರಲ್ಲಿ ಯುಡಿಎಫ್ ಅಂತ ಇದೆ. ಅದು ಏರ್‌ಪೋರ್ಟಿಗೆ ಹೋಗುವ ದುಡ್ಡು ಅಲ್ವಾ? ನಾನು ಈಗಲೇ ಕೊಟ್ಟಾಯ್ತು. ಹಾಗಾದರೆ ಮಾರ್ಚ್ 31ರ ಲೆಕ್ಕದಲ್ಲಿ ಅವರಿಗೆ ಇದು ಆದಾಯವಾ?"

ಈ ಒಂದು ಟಿಕೆಟನ್ನೇ ಹಿಡಿದುಕೊಂಡು ಹೋದರೆ ವಿಮಾನ ನಿಲ್ದಾಣದ ಲೆಕ್ಕ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಮಾಟುಂಗದಲ್ಲಿ ಹೋಟೆಲಿನ ಗಲ್ಲಾದ ಮೇಲೆ ಕೂತವರಿಗೆ ಇದರ ಉತ್ತರ ಯಾರೂ ಹೇಳಿಕೊಡಬೇಕಿಲ್ಲ. ಮೇ ತಿಂಗಳ ಮದುವೆ ಊಟಕ್ಕೆ ಮಾರ್ಚ್‌ನಲ್ಲಿ ಮುಂಗಡ ಬಂದರೆ ಅದು ಗಳಿಕೆಯಲ್ಲ, ತೀರಿಸಬೇಕಾದ ಋಣ. ಎಲೆ ಹಾಕಿ ಬಡಿಸಿದ ದಿನ ಅದು ಗಳಿಕೆ. 2018ರ ಏಪ್ರಿಲ್ 1ರಿಂದ ನಮ್ಮ ದೊಡ್ಡ ಕಂಪನಿಗಳು ಪಾಲಿಸುವ ಇಂಡ್ ಎಎಸ್ 115 ಎಂಬ ಲೆಕ್ಕದ ನಿಯಮ ಹೇಳುವುದೂ ಇದನ್ನೇ. ಒಪ್ಪಿಕೊಂಡ ಕೆಲಸ ಮಾಡಿಕೊಟ್ಟಾಗ, ಇಲ್ಲವೇ ಮಾಡಿಕೊಡುತ್ತಾ ಹೋದಂತೆ ಮಾತ್ರ ಆದಾಯ.

ಮೊದಲ ಹೆಜ್ಜೆ: ದುಡ್ಡು ಯಾರದು ಎಂದು ಬೇರ್ಪಡಿಸಿ. ಟಿಕೆಟ್‌ನಲ್ಲಿ ಎರಡು ಶುಲ್ಕ ಅಕ್ಕಪಕ್ಕ ಇರುತ್ತವೆ. ಒಂದು ಯುಡಿಎಫ್, ಅಂದರೆ ನಿಲ್ದಾಣ ಬಳಸಿದ್ದಕ್ಕೆ ಪ್ರಯಾಣಿಕ ಕೊಡುವ ಹಣ. 2025ರ ಮೇಯಲ್ಲಿ ಜಾರಿಗೆ ಬಂದ ದರದಂತೆ ಮುಂಬೈಯಿಂದ ದೇಶದೊಳಗೆ ಹೊರಡುವವರಿಗೆ ಇದು 175 ರೂಪಾಯಿ, ಬಂದಿಳಿಯುವವರಿಗೆ 75. ಇದು ನಿಲ್ದಾಣದ ದುಡ್ಡು. ಇನ್ನೊಂದು ವಿಮಾನಯಾನ ಭದ್ರತಾ ಶುಲ್ಕ. ದೇಶೀಯ ಪ್ರಯಾಣಕ್ಕೆ 2021ರ ಏಪ್ರಿಲ್‌ನಲ್ಲಿ ಅದನ್ನು 200 ರೂಪಾಯಿ ಮಾಡಿದರು. ಅದು ಭದ್ರತೆಗೆಂದೇ ಇರುವ ರಾಷ್ಟ್ರೀಯ ಟ್ರಸ್ಟಿಗೆ ಹೋಗುತ್ತದೆ, ನಿಲ್ದಾಣದ ಆದಾಯದ ಸಾಲಿಗೆ ಬರುವುದಿಲ್ಲ. ಜಿಎಸ್‌ಟಿಯೂ ಅಷ್ಟೇ, ಸರ್ಕಾರದ ದುಡ್ಡು. ಪರರ ಹಣ ನಮ್ಮ ಗಲ್ಲಾದಲ್ಲಿ ಹಾದುಹೋದ ಮಾತ್ರಕ್ಕೆ ನಮ್ಮದಾಗುವುದಿಲ್ಲ.

ಎರಡನೆಯದು, ಕೆಲಸ ಯಾವಾಗ ಆಯ್ತು? ಹುಡುಗ ವಿಮಾನ ಹತ್ತಿದ ದಿನ 175 ರೂಪಾಯಿ ಆದಾಯ. ಮಾರ್ಚ್ 31ಕ್ಕೆ ಸೊನ್ನೆ. ಹೋಟೆಲಿಗೂ ಇಲ್ಲಿಗೂ ಒಂದು ವ್ಯತ್ಯಾಸ ಇದೆ. ಅಲ್ಲಿ ಮುಂಗಡ ಗಲ್ಲಾಕ್ಕೇ ಬಂದಿರುತ್ತದೆ. ಇಲ್ಲಿ ದುಡ್ಡು ಇರುವುದು ಏರ್‌ಲೈನ್ ಕೈಯಲ್ಲಿ. ಹಾಗಾಗಿ ನಿಲ್ದಾಣದ ಪುಸ್ತಕದಲ್ಲಿ ಆ ದಿನ ಈ ಟಿಕೆಟ್‌ನ ಸುಳಿವೇ ಇರುವುದಿಲ್ಲ. ಹುಡುಗ ಹೋಗದೇ ಇದ್ದರೆ? ಆಗ ನಿಲ್ದಾಣ ಅದನ್ನು ಗಳಿಸಲೇ ಇಲ್ಲ. ಅದಕ್ಕೇ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದಂತೆ, ಟಿಕೆಟ್ ರದ್ದಾದರೂ, ಸುಮ್ನೆ ಹೋಗದೆ ಉಳಿದರೂ, ಯುಡಿಎಫ್ ಮತ್ತು ತೆರಿಗೆಯನ್ನು ಏರ್‌ಲೈನ್ ವಾಪಸ್ ಕೊಡಬೇಕು. ರಿಯಾಯಿತಿ ದರದ ಟಿಕೆಟ್ ಆಗಿದ್ದರೂ ಸರಿ. ದಯವಿಟ್ಟು ಕೇಳಿ ಪಡೆಯಿರಿ, ತುಂಬಾ ಜನ ಬಿಟ್ಟುಬಿಡುತ್ತಾರೆ.

ವಿಮಾನ ಇಳಿದಾಗ ಅದರ ತೂಕದ ಮೇಲೆ ಬೀಳುವ ಲ್ಯಾಂಡಿಂಗ್ ಶುಲ್ಕ ಇಳಿದ ಕ್ಷಣಕ್ಕೇ ಆದಾಯ. ಪಾರ್ಕಿಂಗ್ ಹಾಗಲ್ಲ, ಅದು ಗಂಟೆ ಗಂಟೆಗೂ ಬೆಳೆಯುತ್ತದೆ. ಮಾರ್ಚ್ 31ರ ರಾತ್ರಿ 8ಕ್ಕೆ ಒಂದು ವಿಮಾನ ಬಂದು ನಿಂತಿತು ಅನ್ನಿ. ಮೊದಲ ಎರಡು ಗಂಟೆ ಸಾಮಾನ್ಯವಾಗಿ ಬಿಟ್ಟಿ. 10ರಿಂದ 12ರವರೆಗಿನ ಶುಲ್ಕ ಹಳೆಯ ವರ್ಷಕ್ಕೆ, ನಂತರದ್ದು ಹೊಸ ವರ್ಷಕ್ಕೆ. ಬಿಲ್ ಏಪ್ರಿಲ್‌ನಲ್ಲಿ ಹೋದರೂ ಆ ಎರಡು ಗಂಟೆಯನ್ನು 'ಬಿಲ್ ಆಗದ ಆದಾಯ' ಎಂದು ಮಾರ್ಚ್‌ನಲ್ಲೇ ಬರೆಯಬೇಕು.

ಮೂರನೆಯದು ಎಷ್ಟು ಎಂಬ ಲೆಕ್ಕ. ಅಂಗಡಿಗಳ ವಿಷಯದಲ್ಲಿ ಇದು ನಿಜಕ್ಕೂ ಸ್ವಾರಸ್ಯವಾಗಿದೆ. ಡ್ಯೂಟಿ ಫ್ರೀಯಂಥ ಅಂಗಡಿಯ ಪೂರ್ತಿ ವ್ಯಾಪಾರ ನಿಲ್ದಾಣದ ಆದಾಯವಲ್ಲ, ಅದಕ್ಕೆ ಬರುವುದು ಒಂದು ಪಾಲು. ಸಾಮಾನ್ಯವಾಗಿ ಒಪ್ಪಂದ ಹೀಗಿರುತ್ತದೆ: ಇಂತಿಷ್ಟು ಕನಿಷ್ಠ ಹಣ ಅಥವಾ ಮಾರಾಟದಲ್ಲಿ ಪಾಲು, ಯಾವುದು ಜಾಸ್ತಿಯೋ ಅದು. ಉದಾಹರಣೆಗೆ ತಿಂಗಳಿಗೆ ಕನಿಷ್ಠ 1 ಕೋಟಿ, ಪಾಲು ಶೇ 30 ಎಂದಿಟ್ಟುಕೊಳ್ಳಿ. ಮೇಯಲ್ಲಿ 4 ಕೋಟಿ ಮಾರಾಟವಾದರೆ 1.2 ಕೋಟಿ ಬರೆಯಿರಿ. ಜುಲೈ ಮಳೆಗೆ ಮಾರಾಟ 3 ಕೋಟಿಗೆ ಇಳಿದರೆ ಪಾಲು 90 ಲಕ್ಷ. ಆದರೂ ಬರೆಯುವುದು 1 ಕೋಟಿ. ಡಿಸೆಂಬರ್‌ನಲ್ಲಿ ಜನ ಬಂದೇ ಬರುತ್ತಾರೆ ಎಂಬ ಭರವಸೆಯ ಮೇಲೆ ಮೊದಲೇ ಒಂದು ರೂಪಾಯಿಯನ್ನೂ ಬರೆಯುವಂತಿಲ್ಲ. ಪ್ರತಿ ವರ್ಷ ಏರುವ ಕಚೇರಿ ಬಾಡಿಗೆಗೆ ಬೇರೆ ನಿಯಮ, ಇಂಡ್ ಎಎಸ್ 116. ಮೂರು ವರ್ಷಕ್ಕೆ 10, 11, 12 ಲಕ್ಷ ಎಂದಿದ್ದರೆ ಸಾಮಾನ್ಯವಾಗಿ ವರ್ಷಕ್ಕೆ 11 ಲಕ್ಷದಂತೆ ಸಮನಾಗಿ ಹಂಚುತ್ತಾರೆ.

ನಾಲ್ಕನೆಯ ಪ್ರಶ್ನೆ ಕಷ್ಟದ್ದು: ದುಡ್ಡು ಬರುತ್ತದೆಯೇ? ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು, ಗೋ ಫಸ್ಟ್ 2023ರ ಮೇಯಲ್ಲಿ. ಎರಡೂ ಮುಂಬೈಯವೇ. ಹಾರಾಟ ನಡೆದಾಗ ಬರೆದ ಆದಾಯವನ್ನು ಅಳಿಸುವುದಿಲ್ಲ. ಬಾರದ ಬಾಕಿಗೆ ಪ್ರತ್ಯೇಕವಾಗಿ ನಷ್ಟ ತೋರಿಸುತ್ತಾರೆ. ಆದರೆ ಏರ್‌ಲೈನ್ ಮುಳುಗಿದ ಮೇಲೂ ಅದರ ವಿಮಾನ ನಿಲ್ದಾಣದಲ್ಲೇ ನಿಂತಿದ್ದರೆ, ದಿನವೂ ಏರುವ ಪಾರ್ಕಿಂಗ್ ಶುಲ್ಕವನ್ನು ಆದಾಯವೆಂದು ಬರೆಯುತ್ತಾ ಹೋಗಬಾರದು. ವಸೂಲಿಯ ಸಾಧ್ಯತೆ ಇಲ್ಲದ ಕಡೆ ಆದಾಯವೂ ಇಲ್ಲ. ಬಿಲ್ ಕಳಿಸುತ್ತಲೇ ಇದ್ದೇವಲ್ಲ ಎಂದು ಬರೆದರೆ ಕಾಗದದ ಮೇಲೆ ಲಾಭ, ಬ್ಯಾಂಕಿನಲ್ಲಿ ಏನೂ ಇಲ್ಲ. ಲೆಕ್ಕ ನೋಡುವವರು ಗಟ್ಟಿಯಾಗಿ ನಿಲ್ಲಬೇಕಾದ ಜಾಗ ಇದು ಎಂದು ನಾನು ನಂಬಿದ್ದೇನೆ.

ನಿಲ್ದಾಣದ ಗಳಿಕೆಯನ್ನು ವಿಮಾನಕ್ಕೆ ಸಂಬಂಧಿಸಿದ್ದು ಮತ್ತು ಸಂಬಂಧಿಸದ್ದು ಎಂದು ಬೇರೆ ಬೇರೆ ತೋರಿಸುತ್ತಾರೆ. ಇದು ಬರೀ ಪುಸ್ತಕದ ಅಂದಕ್ಕಲ್ಲ. ಲ್ಯಾಂಡಿಂಗ್, ಪಾರ್ಕಿಂಗ್, ಯುಡಿಎಫ್ ದರ ನಿಗದಿ ಮಾಡುವುದು 2008ರ ಕಾಯ್ದೆಯಿಂದ ಹುಟ್ಟಿದ ಎಇಆರ್‌ಎ ಎಂಬ ನಿಯಂತ್ರಕ ಸಂಸ್ಥೆ. ಮುಂಬೈಯಲ್ಲಿ ಅಂಗಡಿ, ಜಾಹೀರಾತಿನಂಥ ಗಳಿಕೆಯ ಶೇ 30ರಷ್ಟನ್ನು ಈ ದರ ಇಳಿಸಲು ಬಳಸುತ್ತಾರೆ. ಯಾವ ರೂಪಾಯಿ ಯಾವ ಸಾಲಿನಲ್ಲಿ ಕೂರುತ್ತದೆ ಎಂಬುದು ಕೊನೆಗೆ ನಮ್ಮ ಟಿಕೆಟ್ ಬೆಲೆಯನ್ನೂ ಮುಟ್ಟುತ್ತದೆ.

ಇನ್ನು ಈ ಆದಾಯದಲ್ಲಿ ಸರ್ಕಾರದ ಕಡೆಗೆ ಹೋಗುವ ಪಾಲು. ಮುಂಬೈ ನಿಲ್ದಾಣ ನಡೆಸುವ ಕಂಪನಿ 2006ರ ಒಪ್ಪಂದದಂತೆ ಆದಾಯದ ಶೇ 38.7ನ್ನು ಕೇಂದ್ರ ಸರ್ಕಾರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಕೊಡಬೇಕು. ಲಾಭದಲ್ಲಲ್ಲ, ಆದಾಯದಲ್ಲೇ. ಗೋವಾದ ಮೋಪಾ ನಿಲ್ದಾಣದಲ್ಲಿ ರಾಜ್ಯ ಸರ್ಕಾರಕ್ಕೆ ಶೇ 36.99. ಗೋವಾದ ಇನ್ನೊಂದು ನಿಲ್ದಾಣವಾದ ದಾಬೋಲಿಮ್ ಮತ್ತು ಪುಣೆಯಲ್ಲಿ ಟರ್ಮಿನಲ್ ನಡೆಸುವುದು ಪ್ರಾಧಿಕಾರವೇ, ಹಾಗಾಗಿ ಅಲ್ಲಿ ಈ ಸಾಲು ಹುಡುಕಬೇಡಿ.

ನಮ್ಮ ಹುಡುಗ ಮೇಯಲ್ಲಿ ವಿಮಾನ ಹತ್ತಿದಾಗ ಮುಂಬೈ ಪುಸ್ತಕದಲ್ಲಿ ಪೂರ್ತಿ 175 ರೂಪಾಯಿ ಆದಾಯ ಎಂದು ಬರೆಯುತ್ತಾರೆ. ಖರ್ಚಿನ ಕಡೆ, ಪ್ರಾಧಿಕಾರದ ಪಾಲು ಎಂದು ಸುಮಾರು 67 ರೂಪಾಯಿ 70 ಪೈಸೆ.