ಕಾರಿನ ಕೆಳಗೆ ನುಗ್ಗುವ ಮುಂಚೆ: ಹೊಸಬರಿಗೆ ಜಾಕ್ ಸ್ಟ್ಯಾಂಡ್ ವಿಚಾರ

ಹೊರದೇಶಕ್ಕೆ ಬಂದು ಕಾರು ತಗೊಂಡವರು ಮೆಕ್ಯಾನಿಕ್ ಕೂಲಿ ನೋಡಿ ಒಂದಲ್ಲ ಒಂದು ದಿನ ತಾವೇ ಪಾನ (ಸ್ಪ್ಯಾನರ್) ಹಿಡಿಯುತ್ತಾರೆ. ಒಳ್ಳೆಯದೇ. ಆಯಿಲ್, ಬ್ರೇಕ್ ಪ್ಯಾಡ್ ಬದಲಿಸುವುದೇನೂ ಬ್ರಹ್ಮವಿದ್ಯೆ ಅಲ್ಲ. ಆದರೆ ಪಾನ ಸೆಟ್ಟಿಗಿಂತ ಮೊದಲು ಒಂದು ಜೊತೆ ಜಾಕ್ ಸ್ಟ್ಯಾಂಡ್, ಅಂದರೆ ಜಾಕಿನಿಂದ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಲೋಹದ ಆಸರೆಗಳನ್ನು, ತಗೊಳ್ಳಿ.

ಜಾಕ್ ಇದೆಯಲ್ಲ, ಸ್ಟ್ಯಾಂಡ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಹೈಡ್ರಾಲಿಕ್ ಜಾಕಿನೊಳಗೆ ಭಾರ ಹೊತ್ತಿರುವುದು ಎಣ್ಣೆ. ಆ ಎಣ್ಣೆಯನ್ನು ತಡೆದಿರುವುದು ಸೀಲು ಮತ್ತು ವಾಲ್ವ್. ಅವು ಸವೆದರೆ ಜಾಕ್ ಮೆಲ್ಲಗೆ ಇಳಿಯಬಹುದು, ಒಮ್ಮೆಲೇ ಕುಸಿಯಲೂಬಹುದು. ಕಾರಿನ ಜೊತೆ ಬರುವ ಪುಟ್ಟ ಜಾಕ್ ದಾರಿಯಲ್ಲಿ ಸ್ಟೆಪ್ನಿ ಹಾಕುವುದಕ್ಕಷ್ಟೇ. ಇನ್ನು ಸಿಮೆಂಟ್ ಬ್ಲಾಕ್ ಕೊಟ್ಟು ಕೆಳಗೆ ಮಲಗುವವರಿದ್ದಾರೆ, ಅದಂತೂ ಬೇಡವೇ ಬೇಡ. ಟೊಳ್ಳು ಬ್ಲಾಕ್ ಗೋಡೆಯಲ್ಲಿ ಎಷ್ಟೇ ಗಟ್ಟಿ ಇರಲಿ, ಒಂದೇ ಜಾಗಕ್ಕೆ ಭಾರ ಬಿದ್ದರೆ ಸುಳಿವೇ ಕೊಡದೆ ಒಡೆಯುತ್ತದೆ.

ಕೊಳ್ಳುವಾಗ ಲೇಬಲ್ ಪೂರ್ತಿ ಓದಿ, ಸ್ಟ್ಯಾಂಡ್ ಎಷ್ಟು ಟನ್ ಭಾರ ಹೊರುತ್ತದೆ ಅಂತ ಅದರಲ್ಲಿರುತ್ತದೆ. ಅಮೆರಿಕದ ಟನ್ ಅಂದರೆ 2,000 ಪೌಂಡ್, ಸುಮಾರು 907 ಕೆಜಿ. ಹಾಗಾಗಿ ಅಲ್ಲಿನ 3 ಟನ್ ಅಂದರೆ ಸುಮಾರು 2,720 ಕೆಜಿ. ಆ ಅಂಕಿ ಒಂದು ಸ್ಟ್ಯಾಂಡಿಗೋ, ಜೊತೆಗೋ ಅನ್ನುವುದನ್ನೂ ನೋಡಿ. ಎರಡೂ ರೀತಿ ಬರೆಯುತ್ತಾರೆ. ಸಾಮಾನ್ಯ ಕಾರಿಗೆ 3 ಟನ್ನಿನ ಒಂದು ಜೊತೆ ಧಾರಾಳ ಸಾಕು. ದೊಡ್ಡದೇ ಇರಲಿ ಅಂತ 6 ಟನ್ ತಂದರೆ, ಅದರ ಎತ್ತರಕ್ಕೆ ಸಣ್ಣ ಕಾರಿನ ಕೆಳಗೆ ಹೋಗದೇ ಇರಬಹುದು. ಅತಿ ಕಡಿಮೆ ಎತ್ತರ ಎಷ್ಟು ಅಂತ ಮೊದಲೇ ನೋಡಿಕೊಳ್ಳಿ.

ಹೆಚ್ಚಾಗಿ ಸಿಗುವುದು ಹಲ್ಲಿನ ಕಂಬಕ್ಕೆ ಕೊಕ್ಕೆ ಕಚ್ಚಿ ನಿಲ್ಲುವಂಥವು. 2020ರಲ್ಲಿ ಅಮೆರಿಕದಲ್ಲಿ ಇಂಥ ಸ್ಟ್ಯಾಂಡುಗಳನ್ನು ಲಕ್ಷಗಟ್ಟಲೆ ವಾಪಸ್ ಕರೆಸಿದರು. ಕೊಕ್ಕೆ ಹಲ್ಲಿಗೆ ಸರಿಯಾಗಿ ಕಚ್ಚದೆ, ಭಾರ ಅಲುಗಿದಾಗ ಜಾರುವ ಅಪಾಯವಿತ್ತು. ಬದಲಿಗೆ ಕೊಟ್ಟವುಗಳಲ್ಲೂ ಕೆಲವದರ ವೆಲ್ಡಿಂಗ್ ಸರಿಯಿಲ್ಲ ಅಂತ ಮತ್ತೆ ಕರೆಸಬೇಕಾಯಿತು! ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮಾಡೆಲ್ ನಂಬರ್ ಹುಡುಕಿ ನೋಡುವುದು ಅದಕ್ಕೇ. ನನ್ನನ್ನು ಕೇಳಿದರೆ, ಕಂಬದ ತೂತಿಗೆ ದಪ್ಪ ಪಿನ್ ತೂರಿಸುವ ಮಾದರಿಯೇ ವಾಸಿ. ಎತ್ತರ ಬದಲಿಸುವುದು ತುಸು ಕಿರಿಕಿರಿ. ಆದರೆ ಪಿನ್ ಆಚೆ ಬಂದಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಕೊಕ್ಕೆ, ಪಿನ್ ಎರಡೂ ಇರುವವೂ ಸಿಗುತ್ತವೆ.

ಬಾಡಿಗೆ ಮನೆಯಾದರೆ ಕರಾರನ್ನೊಮ್ಮೆ ಓದಿ. ಪಾರ್ಕಿಂಗ್ ಜಾಗದಲ್ಲಿ ಗಾಡಿ ರಿಪೇರಿ ಮಾಡಬಾರದು ಅಂತ ಬರೆದಿರುವುದುಂಟು. ನೆಲ ಸಮತಟ್ಟಾದ ಕಾಂಕ್ರೀಟ್ ಇರಬೇಕು. ಬಿಸಿಲಿಗೆ ಟಾರು ಮೆತ್ತಗಾಗಿ ಸ್ಟ್ಯಾಂಡಿನ ಕಾಲು ಹೂತುಕೊಳ್ಳುತ್ತದೆ. ಅಲ್ಲಿ ದಪ್ಪ ಪ್ಲೈವುಡ್ ಹಾಸಿ. ಮಣ್ಣು, ಜಲ್ಲಿ ಬೇಡ.

ಹ್ಯಾಂಡ್‌ಬ್ರೇಕ್ ಹಾಕಿದೆ, ಸಾಕು ಅಂದುಕೊಳ್ಳಬೇಡಿ. ಹೆಚ್ಚಿನ ಕಾರುಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಹಿಂಭಾಗ ಎತ್ತಿದಿರೋ, ನೆಲದ ಮೇಲಿರುವ ಮುಂದಿನ ಚಕ್ರಗಳಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಆಟೋಮ್ಯಾಟಿಕ್ ಗಾಡಿಯ 'ಪಿ' ಕೂಡ ಎಂಜಿನ್ ತಿರುಗಿಸುವ ಚಕ್ರಗಳನ್ನಷ್ಟೇ ತಡೆಯುತ್ತದೆ. ಅವುಗಳಲ್ಲಿ ಒಂದನ್ನು ಎತ್ತಿದರೂ ಆ ಹಿಡಿತ ಹೋಯಿತು ಅಂತಲೇ ಲೆಕ್ಕ. ಆದ್ದರಿಂದ ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ. ಚಕ್ರ ಬಿಚ್ಚುವುದಿದ್ದರೆ ಎತ್ತುವ ಮೊದಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ.

ಎಲ್ಲಿ ಎತ್ತಬೇಕು, ಎಲ್ಲಿ ಸ್ಟ್ಯಾಂಡ್ ಇಡಬೇಕು ಅನ್ನುವುದು ಕಾರಿನ ಮ್ಯಾನುಯಲ್‌ನಲ್ಲಿದೆ. ತೆಳು ತಗಡಿನ ತಳಕ್ಕೆ ಕೊಟ್ಟರೆ ತಗ್ಗಾಗುತ್ತದೆ. ಎಲೆಕ್ಟ್ರಿಕ್ ಕಾರಾದರೆ ಕೆಳಗೆ ಬ್ಯಾಟರಿ ಇರುತ್ತದೆ, ಇನ್ನೂ ಜೋಪಾನ. ಎತ್ತುವಾಗ ಗಾಲಿ ಇರುವ ಜಾಕ್ ತಾನೇ ತುಸು ಮುಂದಕ್ಕೆ ಉರುಳಬೇಕು, ಅದರ ಗಾಲಿಗೆ ಏನೂ ಅಡ್ಡ ಇರಬಾರದು. ಸ್ಟ್ಯಾಂಡುಗಳನ್ನು ಎಡಕ್ಕೂ ಬಲಕ್ಕೂ ಒಂದೇ ಎತ್ತರಕ್ಕೆ ಇಡಿ. ಜಾಕಿನ ವಾಲ್ವನ್ನು ಕೂದಲೆಳೆಯಷ್ಟೇ ತಿರುಗಿಸಿ ಕಾರನ್ನು ಮೆಲ್ಲಗೆ ಕೂರಿಸಿ. ಕೊಕ್ಕೆಯ 'ಟಕ್' ಸದ್ದು ಕೇಳಿತು ಅಂತ ಸುಮ್ನಾಗಬೇಡಿ. ಟಾರ್ಚ್ ಹಾಕಿ, ಅದು ಹಲ್ಲಿನ ಬುಡಕ್ಕೆ ಕೂತಿದೆಯಾ ನೋಡಿ. ಸ್ಟ್ಯಾಂಡಿನ ಎಲ್ಲ ಕಾಲೂ ನೆಲಕ್ಕೆ ತಾಗಿರಬೇಕು.

ಈಗ ಪಕ್ಕದಲ್ಲಿ ನಿಂತು ಕಾರನ್ನು ಜೋರಾಗಿಯೇ ಅಲುಗಾಡಿಸಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ, ಅಲ್ವಾ? ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಡಿ. ಜಾಕನ್ನೂ ತೆಗೆಯದೆ ತಾಗಿಯೂ ತಾಗದ ಹಾಗೆ ಬಿಡಿ. ಮನೆಯಲ್ಲಿ ಒಬ್ಬರಿಗೆ ಹೇಳಿರಿ, ಮಕ್ಕಳನ್ನು ದೂರ ಇಡಿ, ಕೀ ನಿಮ್ಮ ಜೇಬಿನಲ್ಲೇ ಇರಲಿ.

ಇಳಿಸುವಾಗ ಮೊದಲು ಜಾಕಿನಿಂದ ಕಾರನ್ನು ಚೂರು ಎತ್ತಿ, ಆಮೇಲೆ ಸ್ಟ್ಯಾಂಡ್ ತೆಗೆಯಿರಿ. ಚಕ್ರ ನೆಲಕ್ಕೆ ಕೂತ ಮೇಲೆ ನಟ್ಟುಗಳನ್ನು ಎದುರು ಬದುರಾಗಿ, ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಬಿಗಿ ಮಾಡಿ. ಎಷ್ಟು ಬಿಗಿ ಆಯಿತು ಅಂತ ಅಳೆಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಪರಿಚಯದವರ ಹತ್ತಿರ ಕೇಳಿ ತನ್ನಿ.