ದೇವಿಮನೆ ಘಟ್ಟ ಮತ್ತು ನನ್ನ ಹೊಟ್ಟೆ

ಶಿರಸಿಯಿಂದ ಕುಮಟಾಕ್ಕೆ ಹೋಗುವ ಬಸ್ಸು ದೇವಿಮನೆ ಘಟ್ಟ ಇಳಿಯಲು ಶುರು ಮಾಡಿದರೆ ಸಾಕು, ನನ್ನ ಹೊಟ್ಟೆ ನುಲಿಯುತ್ತಿತ್ತು. ಇಳಿಯೋಣವೆಂದರೆ ಸುತ್ತ ಬರೀ ಕಾಡು. ಮನೆ ಬಿಡುವ ಮೊದಲು ಮೂರು ಸಲ ಸಂಡಾಸಿಗೆ ಹೋಗಿ ಬಂದರೂ ಅದೇ ಕತೆ. ಕೊನೆಗೆ ತಿಂಡಿಯನ್ನೇ ಬಿಟ್ಟೆ. ಖಾಲಿ ಹೊಟ್ಟೆಯೂ ನುಲಿಯಿತು!

ಡಾಕ್ಟರು ರಕ್ತ, ಮಲ ಪರೀಕ್ಷೆ ಮಾಡಿಸಿ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್), ಅಂದರೆ ಕರುಳು ಸುಲಭವಾಗಿ ಕೆರಳುವ ತೊಂದರೆ ಎಂದರು. ಕರುಳಿನಲ್ಲಿ ಹುಣ್ಣಿಲ್ಲ, ಗಾಯವಿಲ್ಲ. ಆದರೆ ಕರುಳಿಗೆ ತನ್ನದೇ ನರಜಾಲವಿದೆ, ಮೆದುಳಿನ ಜೊತೆ ಸದಾ ಸಂಪರ್ಕವಿದೆ. ಗಾಬರಿಯಾದರೆ ಕರುಳಿನ ಓಟ ಏರುಪೇರಾಗುತ್ತದೆ, ಸಣ್ಣ ಗ್ಯಾಸೂ ನೋವಾಗುತ್ತದೆ. ‘ಹಾಗಾದರೆ ಎಲ್ಲ ಮನಸ್ಸಿನ ಆಟ’ ಎಂದು ನಂಟರೊಬ್ಬರು ನಕ್ಕರು. ಅವರನ್ನು ಒಂದು ದಿನ ನನ್ನ ಸೀಟಿನಲ್ಲಿ ಕೂರಿಸಬೇಕಿತ್ತು. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ಭೇದಿಯಾದರೆ ಕಾಯದೆ ಬನ್ನಿ ಎಂದೂ ಡಾಕ್ಟರು ಹೇಳಿದ್ದರು.

ಮೇ ತಿಂಗಳಿಡೀ ಒಂದು ಹಳೇ ಡೈರಿಯಲ್ಲಿ ಊಟ, ನಿದ್ದೆ, ಹೊಟ್ಟೆಯ ಸ್ಥಿತಿ, ಅಂದಿನ ಕೆಲಸ ಬರೆದಿಟ್ಟೆ. ಹಲಸಿನ ಮೇಲೆ ನನಗೆ ಗುಮಾನಿ. ಆದರೆ ಭಾನುವಾರ ಆಯಿ ಮಾಡಿದ ಹಲಸಿನ ಹಣ್ಣಿನ ಕಡುಬು ನಾಲ್ಕು ತಿಂದರೂ ಸ್ವಲ್ಪ ಉಬ್ಬರ, ಅಷ್ಟೇ. ಸೋಮವಾರ ಬರೀ ಗಂಜಿ ಕುಡಿದು ಹೊರಟರೂ ಭೇದಿ. ನನ್ನದು ಸಾಲ ವಸೂಲಿ ಕೆಲಸ. ಸೋಮವಾರ ವಾರದ ಲೆಕ್ಕ ಒಪ್ಪಿಸುವ ದಿನ.

ಊಟದಲ್ಲೂ ಬದಲಾವಣೆ ಮಾಡಿದೆ, ಸುಳ್ಳು ಹೇಳಬಾರದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ ರೂಪಿಸಿದ ಫಾಡ್‌ಮ್ಯಾಪ್ ಪಥ್ಯವನ್ನು (ಕರುಳಿನಲ್ಲಿ ಗ್ಯಾಸು ಮಾಡುವ ಕೆಲವು ಬಗೆಯ ಸಕ್ಕರೆ ಅಂಶಗಳಿರುವ ಆಹಾರ ಬಿಡುವುದು) ಡಾಕ್ಟರ ಸಲಹೆಯಂತೆ ನಾಲ್ಕು ವಾರ ಹಿಡಿದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು ಬಂದ್. ಆಮೇಲೆ ಒಂದೊಂದಾಗಿ ತಿಂದು ನೋಡಿದೆ. ನನಗೆ ಆಗದ್ದು ಈರುಳ್ಳಿ, ಬೆಳ್ಳುಳ್ಳಿ ಮಾತ್ರ. ನಮ್ಮ ಮನೆಯಲ್ಲಿ ಇಂಗಿನ ಒಗ್ಗರಣೆ ಇದ್ದೇ ಇದೆ, ಕಷ್ಟವಾಗಲಿಲ್ಲ. ರಾತ್ರಿ ಒಂದು ಚಮಚ ಇಸಬ್‌ಗೋಲ್.

ಜಾಸ್ತಿ ಗುಣ ಕಂಡದ್ದು ಬೇರೆ ಕಡೆಯಿಂದ. ಲೆಕ್ಕವನ್ನು ಶನಿವಾರವೇ ಮುಗಿಸತೊಡಗಿದೆ. ಸೋಮವಾರ ಅರ್ಧ ಗಂಟೆ ಬೇಗ ಏಳುತ್ತೇನೆ, ಅವಸರವಿಲ್ಲದೆ ತಿಂಡಿ ತಿನ್ನುತ್ತೇನೆ. ಘಟ್ಟ ಬಂದಾಗ ಹೊಟ್ಟೆಯ ಮೇಲೆ ಕೈಯಿಟ್ಟು ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡುತ್ತೇನೆ. ಮೊದಲೆರಡು ವಾರ ಏನೂ ಆಗಲಿಲ್ಲ, ಸುಮ್ನೆ ಪಕ್ಕದವರು ವಿಚಿತ್ರವಾಗಿ ನೋಡಿದರು.

ವರ್ಷದ ಲೆಕ್ಕ ಮುಗಿಸುವ ಮಾರ್ಚ್ ಕೊನೆಯಲ್ಲಿ ಈಗಲೂ ಹೊಟ್ಟೆ ಕೆಡುತ್ತದೆ. ಆದರೆ ಮೊನ್ನೆ ಸೋಮವಾರ ಕುಮಟಾದಲ್ಲಿ ಇಳಿದವನು ಸಂಡಾಸು ಹುಡುಕಲಿಲ್ಲ. ನೇರ ಹೋಟೆಲಿಗೆ ಹೋಗಿ ಎರಡು ಬನ್ಸ್ ತಿಂದೆ.