ಓಣಿಯವರೆಲ್ಲ ಸೇರಿ ಒಂದು ಕೌದಿ ಹೊಲಿದದ್ದು

ಗುಂಪಾಗಿ ಕೌದಿ, ಅಂದರೆ ಹಳೇ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿದ ಹೊದಿಕೆ, ಹೊಲಿಯಲು ಕೂರುವ ಮೊದಲು ಒಂದು ಮಾತನ್ನು ಎಲ್ಲರ ಮುಂದೆ ಗಟ್ಟಿ ಮಾಡಿಕೊಳ್ಳಿ. ಒಬ್ಬರು ಹಾಕಿದ ಹೊಲಿಗೆಯನ್ನು ಇನ್ನೊಬ್ಬರು ಬಿಚ್ಚಬಾರದು. ಬಟ್ಟೆ ಎಲ್ಲಿಂದ ತರೋದು, ದಾರ ಯಾವುದು ಅನ್ನೋದನ್ನೆಲ್ಲ ಆಮೇಲೆ ನೋಡಿಕೊಳ್ಳಬಹುದು. ಈ ಮಾತು ಆಗದೆ ಸೂಜಿ ಹಿಡಿದರೆ ಮೂರನೇ ಸಾಲಿಗೆ ಬರುವಷ್ಟರಲ್ಲಿ ಮನಸ್ತಾಪ ಶುರುವಾಗುತ್ತದೆ.

ನಾವಿರುವುದು ಧಾರವಾಡದಲ್ಲಿ. ನಮ್ಮ ಓಣಿಯ ಹುಡುಗಿಯೊಬ್ಬಳ ಮದುವೆ ಗೊತ್ತಾಗಿ, ಗಂಡನ ಜೊತೆ ಜರ್ಮನಿಗೆ ಹೋಗುತ್ತಾಳೆ ಅಂದಾಗ, ಅವಳಿಗೆ ಎಲ್ಲರ ಮನೆಯ ಬಟ್ಟೆ ಸೇರಿಸಿ ಒಂದು ಕೌದಿ ಕೊಡೋಣ ಅಂತ ಮಾತಾಯಿತು. ಮೊದಲೆಲ್ಲ ಊರೂರು ತಿರುಗಿ ಕೌದಿ ಹೊಲಿದು ಕೊಡುವ ಹೆಂಗಸರು ಬಾಗಿಲಿಗೇ ಬರುತ್ತಿದ್ದರು. ಹಳೇ ಸೀರೆ, ಧೋತರದ ಗಂಟು ಕೊಟ್ಟರೆ ಅಂಗಳದಲ್ಲೇ ಹಾಸಿಕೊಂಡು ಕೂರುತ್ತಿದ್ದರು. ಈಗ ನಮ್ಮ ಕಡೆ ಅವರು ಬರುವುದು ಅಪರೂಪ. ಅವರಿಂದ ನೋಡಿ ಕಲಿತ ಹಿರಿಯರು ಮಾತ್ರ ಓಣಿಯಲ್ಲಿ ಇನ್ನೂ ಇದ್ದಾರೆ, ಅದರಲ್ಲೂ ಮೂಲೆಮನೆ ಆಯಿ. ಹಾಗಾಗಿ ಧೈರ್ಯ ಮಾಡಿದೆವು.

ಒಬ್ಬೊಬ್ಬರು ಮನೆಯಲ್ಲಿ ಒಂದೊಂದು ಚೌಕ ಹೊಲಿದು ತಂದು ಕೊನೆಗೆ ಜೋಡಿಸುವ ಪದ್ಧತಿ ಹೊರದೇಶದ ಕ್ವಿಲ್ಟ್ ಗುಂಪುಗಳಲ್ಲಿ ಜಾಸ್ತಿ. ದೂರದೂರ ಇರುವವರಿಗೆ ಅದೇ ಅನುಕೂಲ. ಆದರೆ ಒಂದೇ ಓಣಿಯಲ್ಲಿ ಇರುವವರು ಒಂದೇ ಹಾಸಿನ ಸುತ್ತ ಕೂತು ಹೊಲಿಯಬೇಕು ಅನ್ನೋದು ನನ್ನ ಅಭಿಪ್ರಾಯ. ಚೌಕಗಳಲ್ಲಿ ಪ್ರತಿಯೊಬ್ಬರ ಕೆಲಸ ಬೇರೆ ಬೇರೆಯಾಗಿಯೇ ಉಳಿಯುತ್ತದೆ. ಕೌದಿಯಲ್ಲಿ ಹಾಗಲ್ಲ, ನಾನು ನಿಲ್ಲಿಸಿದ ಜಾಗದಿಂದ ಪಕ್ಕದವರು ಅದೇ ಸಾಲನ್ನು ಮುಂದುವರಿಸುತ್ತಾರೆ.

ಬಟ್ಟೆ ಕೇಳಿದಾಗ ಮನೆಮನೆಯಿಂದ ಗಂಟು ಬಂದವು. ಇಳಕಲ್ ಸೀರೆ, ಮಾಸಿದ ಧೋತರ, ಗುಳೇದಗುಡ್ಡ ಖಣದ ಕುಪ್ಪಸ, ಮಕ್ಕಳ ಶಾಲೆ ಅಂಗಿ. ಹತ್ತಿಯದ್ದನ್ನು ಮಾತ್ರ ಆರಿಸಿ ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ನೈಲಾನ್ ಬಟ್ಟೆ ಜಾರುತ್ತದೆ, ಬೆವರು ಹೀರುವುದಿಲ್ಲ. ಆದರೆ ಒಬ್ಬರು ತೀರಿಹೋದ ತಾಯಿಯ ಮಿಂಚುವ ಸೀರೆಯನ್ನು ಮಡಚಿ ತಂದು ಕೈಗೆ ಕೊಟ್ಟಾಗ ಬೇಡ ಅನ್ನೋದು ಹೇಗೆ? ಅಂಥ ಬಟ್ಟೆಯಲ್ಲಿ ಅಂಗೈ ಅಗಲದ ತುಂಡು ತೆಗೆದು, ಮೊದಲು ಒಂದು ಹತ್ತಿ ತುಂಡಿನ ಮೇಲಿಟ್ಟು ಅಂಚು ಮಡಿಸಿ ಹೊಲಿದೆವು. ಆಮೇಲೆ ಅದನ್ನು ಹತ್ತಿ ತೇಪೆಯ ಹಾಗೇ ಕೂಡಿಸಬಹುದು, ಜಾರುವುದಿಲ್ಲ. ಯಾರ ಬಟ್ಟೆಯನ್ನೂ ವಾಪಸು ಕಳಿಸಲಿಲ್ಲ.

ಬಂದ ಬಟ್ಟೆಯನ್ನೆಲ್ಲ ಬಿಸಿನೀರಲ್ಲಿ ನೆನೆಸಿ ಗಂಜಿ ಹೋಗುವವರೆಗೆ ಒಗೆಯಬೇಕು. ಕೆಂಪು, ಕಡುನೀಲಿ ಇದ್ದರೆ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಅಂಟಿದರೆ ಇನ್ನೊಮ್ಮೆ ಒಗೆಯಿರಿ. ಇದರಲ್ಲಿ ಆತುರ ಬೇಡ. ಒಂದು ಕೆಂಪು ತುಂಡು ಬಣ್ಣ ಬಿಟ್ಟರೆ ಹತ್ತು ಮನೆಯ ಬಟ್ಟೆ ಹಾಳು.

ಅಳತೆ 5 ಅಡಿ ಅಗಲ, 7 ಅಡಿ ಉದ್ದ ಇಟ್ಟುಕೊಂಡೆವು. ಅವಳು ವಿಮಾನದಲ್ಲಿ ಒಯ್ಯಬೇಕು, ಹಾಗಾಗಿ ಒಟ್ಟು ಮೂರೇ ಪದರ. ಕೆಳಗೆ ಸೀರೆ, ನಡುವೆ ಮೆತ್ತಗಾದ ಧೋತರ, ಮೇಲೆ ತೇಪೆ. ಮನೆಯಲ್ಲೇ ಹಾಸಿ ಹೊದೆಯುವುದಾದರೆ ನಾಲ್ಕು ಪದರ ಹಾಕಬಹುದು. ಅದಕ್ಕಿಂತ ಜಾಸ್ತಿಯಾದರೆ ಸೂಜಿ ಇಳಿಯುವುದಿಲ್ಲ, ಒಗೆದು ಹಿಂಡುವುದೂ ಆಗುವುದಿಲ್ಲ. ಸೀರೆಯ ಅಗಲ ಸಾಲುವುದಿಲ್ಲ, ಎರಡು ಭಾಗ ಮಾಡಿ ಪಕ್ಕಪಕ್ಕ ಜೋಡಿಸಿಕೊಳ್ಳಬೇಕು. ನಡುವಿನ ಧೋತರದ ಜೋಡಣೆ ಸೀರೆಯ ಜೋಡಣೆಯ ಮೇಲೇ ಬೀಳದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಆ ಜಾಗ ದಪ್ಪವಾಗಿ ಮಲಗಿದಾಗ ಒತ್ತುತ್ತದೆ.

ಹಾಸುವಾಗ ನೆಲ ಸಪಾಟಾಗಿರಲಿ. ಕೆಳಗಿನ ಸೀರೆಯನ್ನು ಎಳೆದು ನಾಲ್ಕೂ ಮೂಲೆಗೆ ತುಂಬಿದ ತಂಬಿಗೆ ಇಟ್ಟೆವು. ಮೇಲೆ ಧೋತರ ಹಾಸಿ, ಅಂಗೈಯಿಂದ ನಡುವಿನಿಂದ ಹೊರಗೆ ಸವರಿ ಸುಕ್ಕು ತೆಗೆದು, ಗೇಣುದ್ದಕ್ಕೊಂದರಂತೆ ಕಚ್ಚಾ ಹೊಲಿಗೆ ಹಾಕಿದೆವು. ಈ ಕಚ್ಚಾ ಹೊಲಿಗೆ ಬೇಸರದ ಕೆಲಸ ಅಂತ ಕೆಲವರು ಬಿಡುತ್ತಾರೆ. ಬಿಡಬೇಡಿ. ಅಂಚಿನಿಂದ ಒಳಗೆ ಹೊಲಿಯುತ್ತಾ ಹೋದಂತೆ ಬಟ್ಟೆ ನಡುವಿಗೆ ಸರಿಯುತ್ತದೆ, ಅದನ್ನು ಹಿಡಿದಿಡುವುದು ಈ ಹೊಲಿಗೆಯೇ.

ತೇಪೆ ಇಡುವುದರಲ್ಲಿ ನಾವು ಸಿದ್ದಿ ಹೆಂಗಸರ ಕವಂದಿಯಿಂದ (ಅವರು ಹೊಲಿಯುವ ಕೌದಿಯ ಹೆಸರು ಅದು) ಒಂದು ವಿಷಯ ತೆಗೆದುಕೊಂಡೆವು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರ ಕವಂದಿ ಅಂಚಿನಿಂದ ಶುರುವಾಗಿ, ತುಂಡು ಇಡುತ್ತಾ ಅದೇ ಹೊತ್ತಿಗೆ ಹೊಲಿಯುತ್ತಾ ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಯುತ್ತದೆ. ಮೊದಲೇ ಎಲ್ಲ ಜೋಡಿಸಿಟ್ಟುಕೊಳ್ಳುವುದಿಲ್ಲ. ನಾಲ್ಕೂ ಮೂಲೆಗೆ ಮಡಚಿದ ಸಣ್ಣ ತುಂಡುಗಳ ‘ಫುಲ’ ಇಡುತ್ತಾರೆ, ಅದಿಲ್ಲದೆ ಕವಂದಿ ಪೂರ್ತಿಯಾಯಿತು ಅನ್ನುವುದಿಲ್ಲ. 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಸಿದ್ದಿ ಹೆಂಗಸರ ಸಹಕಾರಿ ಗುಂಪೊಂದು ಶುರುವಾಗಿ, ಅವರ ಕವಂದಿಗಳು ಹೊರದೇಶದವರೆಗೂ ಹೋದವು. ಆ ಫುಲ ಅವರದ್ದು, ಅದನ್ನು ನಾವು ತೆಗೆದುಕೊಳ್ಳಲಿಲ್ಲ. ತುಂಡು ಇಡುತ್ತಲೇ ಹೊಲಿಯುವ ರೀತಿಯನ್ನು ಮಾತ್ರ ಅನುಸರಿಸಿದೆವು. ಗುಂಪಿಗೆ ಅದು ಬಹಳ ಒಳ್ಳೆಯದು, ಯಾಕೆಂದರೆ ಯಾವ ಬಣ್ಣದ ಪಕ್ಕ ಯಾವುದು ಅಂತ ಮೊದಲೇ ಕೂತು ವಾದ ಮಾಡುವ ಪ್ರಸಂಗವೇ ಬರುವುದಿಲ್ಲ, ಕೈಗೆ ಬಂದ ತುಂಡನ್ನು ಪಕ್ಕದವರ ತುಂಡಿಗೆ ಹೊಂದಿಸಿ ಇಟ್ಟರಾಯಿತು.

ಸುತ್ತಲಿನ ಅಂಚಿಗೆ ಇಳಕಲ್ ಸೀರೆಯ ದಡಿ. ಅದರ ಪಕ್ಕದ ಮೊದಲ ಸಾಲನ್ನು ಪೂರ್ತಿ ಆಯಿಯೇ ಹಾಕಿದರು. ಇದು ಮುಖ್ಯ. ಸಾಲುಗಳ ನಡುವೆ ಒಂದು ಬೆರಳು ಅಂತರ ಅಂದರೆ ಯಾರ ಬೆರಳು? ನನ್ನದು ಸಣ್ಣ, ಪಕ್ಕದವರದ್ದು ದಪ್ಪ. ಒಬ್ಬರ ಪಳಗಿದ ಕೈ ಮೊದಲ ಸಾಲು ಹಾಕಿದರೆ ಉಳಿದವರ ಕಣ್ಣಿಗೆ ಅದೇ ಅಳತೆ ಕೂರುತ್ತದೆ. ಗೆರೆ ಎಳೆದು ಹೊಲಿಯುವುದಕ್ಕಿಂತ ಇದು ವಾಸಿ, ಗೆರೆ ಇದ್ದರೆ ಎಲ್ಲರೂ ಗೆರೆಯನ್ನು ನೋಡುತ್ತಾರೆ, ಬಟ್ಟೆಯನ್ನು ನೋಡುವುದಿಲ್ಲ.

ದಾರ ಮತ್ತು ಸೂಜಿ ಎಲ್ಲರಿಗೂ ಒಂದೇ. ದಪ್ಪ ಹತ್ತಿ ದಾರ, ಎರಡೆಳೆ, ಮೊಳಕ್ಕಿಂತ ಸ್ವಲ್ಪ ಉದ್ದ. ಇನ್ನೂ ಉದ್ದ ಹಾಕಿದರೆ ಸಿಕ್ಕಾಗುತ್ತದೆ. ದಾರಕ್ಕೆ ಮೇಣ ತಿಕ್ಕಿದರೆ ಸಲೀಸಾಗಿ ಓಡುತ್ತದೆ. ಗಂಟನ್ನು ಪದರಗಳ ನಡುವೆ ಎಳೆದುಬಿಡಿ.

ನಮ್ಮಲ್ಲಿ ಒಬ್ಬಳು ಎಡಗೈಯವಳು. ನಾವೆಲ್ಲ ಬಲದಿಂದ ಎಡಕ್ಕೆ ಹೊಲಿದರೆ ಅವಳು ಎಡದಿಂದ ಬಲಕ್ಕೆ. ನಡುಸಾಲಿನಲ್ಲಿ ಕೂರಿಸಿದರೆ ಪಕ್ಕದವರ ಮೊಣಕೈಗೆ ಅವಳ ಮೊಣಕೈ ತಾಗುತ್ತದೆ. ಅದಕ್ಕೆ ಅವಳಿಗೆ ಒಂದು ಮೂಲೆ ಕೊಟ್ಟೆವು, ಅಲ್ಲಿಂದ ಅವಳು ತನ್ನ ದಿಕ್ಕಿಗೆ ಹೊಲಿದುಕೊಂಡು ಬರುವುದು, ನಾವು ನಮ್ಮ ದಿಕ್ಕಿನಿಂದ ಹೋಗಿ ಅವಳನ್ನು ಕೂಡುವುದು. ಕೂಡಿದ ಜಾಗದಲ್ಲಿ ಎರಡೂ ದಾರಗಳನ್ನು ಒಂದು ಟಾಕಿಯಷ್ಟು, ಅಂದರೆ ಒಂದು ಹೊಲಿಗೆಯಷ್ಟು, ಒಂದರ ಮೇಲೊಂದು ಹಾಯಿಸಿ ಒಳಗೆ ಬಿಟ್ಟೆವು. ಕೌದಿಯ ಆ ಬದಿಯಲ್ಲಿ ಟಾಕಿಗಳು ಬೇರೆ ಕಡೆಗೆ ವಾಲಿರುವುದು ಈಗಲೂ ಕಾಣುತ್ತದೆ. ನನಗೆ ಇಡೀ ಕೌದಿಯಲ್ಲಿ ಜಾಸ್ತಿ ಇಷ್ಟವಾದ ಜಾಗ ಅದೇ.

ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಮೊದಲ ಸಲ ಸೂಜಿ ಹಿಡಿದಿದ್ದಳು. ಅವಳ ಟಾಕಿ ಒಂದು ಅಕ್ಕಿಕಾಳಿನಷ್ಟು, ಮುಂದಿನದು ಹುಣಸೆಬೀಜದಷ್ಟು. ನಮ್ಮಲ್ಲೊಬ್ಬರು ತಡೆಯಲಾರದೆ ಕತ್ತರಿ ತೆಗೆದೇಬಿಟ್ಟರು. ಆಯಿ ತಲೆ ಎತ್ತದೆ, “ಬಿಚ್ಚಬ್ಯಾಡವಾ, ಇರಲಿ ಬಿಡು. ಒಳಗ ಹೋಗ್ತಾ ಹೋಗ್ತಾ ಸಣ್ಣ ಆಕ್ಕಾವ” ಅಂದರು. ಹಾಗೇ ಆಯಿತು. ಅಂಚಿನಿಂದ ನಡುವಿಗೆ ಅವಳ ಸಾಲುಗಳನ್ನು ನೋಡುತ್ತಾ ಹೋದರೆ ಕೈ ಪಳಗಿದ್ದು ಗೊತ್ತಾಗುತ್ತದೆ. ಬಿಚ್ಚಿದ್ದರೆ ಅವಳು ಮರುದಿನ ಬರುತ್ತಿರಲಿಲ್ಲ ಅನ್ನೋದು ನನಗೆ ಖಾತ್ರಿ. ಟಾಕಿ ತೀರಾ ಸಡಿಲವಿದ್ದು ಕಾಲುಂಗುರಕ್ಕೆ ಸಿಕ್ಕುವಂತಿದ್ದರೆ? ಆಗಲೂ ಬಿಚ್ಚುವುದು ಬೇಡ. ಅದರ ಪಕ್ಕದಲ್ಲೇ ಇನ್ನೊಂದು ಸಾಲು ಬಿಗಿಯಾಗಿ ಹಾಕಿ, ಸಡಿಲ ದಾರವನ್ನು ಅದರಡಿಗೆ ತೆಗೆದುಕೊಂಡರೆ ಸಾಕು.

ಎಷ್ಟೇ ಕಚ್ಚಾ ಹೊಲಿಗೆ ಹಾಕಿದ್ದರೂ ನಡುವಿಗೆ ಬಂದಾಗ ಬಟ್ಟೆ ಸ್ವಲ್ಪ ಉಬ್ಬುತ್ತದೆ, ಅಷ್ಟು ಕೈಗಳ ಎಳೆತ ಒಂದೇ ಸಮ ಇರುವುದಿಲ್ಲ ಅಲ್ವಾ. ಉಬ್ಬನ್ನು ಒತ್ತಿ ಒಂದೇ ಕಡೆ ಮಡಿಕೆ ಮಾಡಬೇಡಿ. ನಾಲ್ಕೂ ಕಡೆಯಿಂದ ಚಿಕ್ಕ ಚಿಕ್ಕ ಟಾಕಿಯಲ್ಲಿ ಹಂಚಿಕೊಂಡು ಹೋಗಿ, ಕೊನೆಗೆ ಮೇಲೊಂದು ಚೌಕ ತೇಪೆ ಇಟ್ಟು ಮುಚ್ಚಿ. ನಾವು ಅಲ್ಲಿಗೆ ಮದುವಣಗಿತ್ತಿಯ ತಾಯಿಯ ಹಳೇ ಖಣದ ತುಂಡು ಇಟ್ಟೆವು. ಮುಚ್ಚುವ ಮುಂಚೆ ಆಯಿ ಅದರೊಳಗೆ ನಾಲ್ಕು ಕಾಳು ಅಕ್ಕಿ ಹಾಕಿದರು. ಕೌದಿಯ ಹೊಟ್ಟೆ ಹಸಿದಿರಬಾರದು ಅನ್ನೋದು ಅವರು ಪಾಲಿಸಿಕೊಂಡು ಬಂದ ಪದ್ಧತಿ.

ಮುಗಿದ ಮೇಲೆ ಕಚ್ಚಾ ಹೊಲಿಗೆ ತೆಗೆದು, ಸೀಗೆಕಾಯಿ ಅಥವಾ ಮೆತ್ತನೆ ಸೋಪಿನ ನೀರಲ್ಲಿ ಒಮ್ಮೆ ಅದ್ದಿ, ಹಿಂಡದೆ ನೀರು ಇಳಿಸಿ, ಬಿಸಿಲಿಗೆ ಹಾಕಿ. ಈ ಮೊದಲ ಒಗೆತದಲ್ಲಿ ಬಟ್ಟೆ ಸ್ವಲ್ಪ ಮುದುಡಿ ಸಾಲುಗಳ ನಡುವೆ ಪುಟ್ಟ ಪುಟ್ಟ ಉಬ್ಬು ಏಳುತ್ತದೆ, ಕೌದಿಗೆ ಮೆತ್ತನೆ ಬರುವುದು ಅದರಿಂದಲೇ. ಕೌದಿಯ ಜೊತೆಗೆ ಉಳಿದ ತುಂಡು, ಅದೇ ದಾರದ ಉಂಡೆ, ಎರಡು ಸೂಜಿಯನ್ನು ಒಂದು ಚೀಲದಲ್ಲಿ ಹಾಕಿ ಹುಡುಗಿಗೆ ಕೊಟ್ಟೆವು. ಕೌದಿ ಮೊದಲು ಸವೆಯುವುದು ಕುತ್ತಿಗೆಯ ಹತ್ತಿರ ಬರುವ ಅಂಚಿನಲ್ಲಿ. ಅಲ್ಲಿ ದಡಿ ತೆಳ್ಳಗಾದಾಗಲೇ ತೇಪೆ ಹಾಕಬೇಕು, ಹರಿಯುವವರೆಗೆ ಕಾಯಬಾರದು. ತಲೆಯ ಕಡೆ, ಕಾಲಿನ ಕಡೆ ಆಗಾಗ ಅದಲುಬದಲು ಮಾಡಿ ಹೊದ್ದರೆ ಇನ್ನೂ ಬಾಳಿಕೆ ಬರುತ್ತದೆ.